ಅಮ್ಮಾನೋ ಒಮಾನೋ?

ನಮ್ಮ ಮಂಗಳೂರಿನಲ್ಲಿ ‘ದುಬಾಯಿ’ ಎಂಬುದು ಒಂದು ಊರಿನ ಹೆಸರಲ್ಲ. ಅದೊಂದು ದಿಕ್ಕಿನ ಹೆಸರು. ಮಗ ಶಾರ್ಜಾದಲ್ಲಿರಲಿ, ದೋಹಾದಲ್ಲಿರಲಿ, ರಿಯಾದಿನಲ್ಲಿರಲಿ, ಕೇಳಿದವರಿಗೆ ‘ದುಬಾಯಿಯಲ್ಲಿದ್ದಾನೆ’ ಎಂದು ಹೇಳಿಬಿಟ್ಟರೆ ಮುಗಿಯಿತು. ಕೇಳಿದವರೂ ತೃಪ್ತರಾಗುತ್ತಾರೆ, ಹೇಳಿದವರೂ ತೃಪ್ತರಾಗುತ್ತಾರೆ. ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಪ್ರೌಢಶಾಲೆಗೆ ಹೊಸದಾಗಿ ಸೇರುವ ಮಕ್ಕಳು ಒಂದು ಅರ್ಜಿಯನ್ನು ತುಂಬಬೇಕಾಗುತ್ತದೆ. ಅದರಲ್ಲಿ ತಂದೆಯ ಉದ್ಯೋಗ, ಉದ್ಯೋಗದ ಸ್ಥಳ ಎಂದು ಎರಡು ಸಾಲು ಇರುತ್ತವೆ. ಹೋದ ವರ್ಷ ಒಬ್ಬ ಹುಡುಗ ಅಲ್ಲಿ ‘ಗಲ್ಫ್’ ಎಂದು ಬರೆದು ತಂದ.

“ಗಲ್ಫಿನಲ್ಲಿ ಯಾವ ದೇಶ, ಮಗಾ?” ಎಂದು ಕೇಳಿದೆ.

“ಗಲ್ಫೇ, ಸರ್.”

“ಗಲ್ಫ್ ಎಂದರೆ ಕೊಲ್ಲಿ. ಕೊಲ್ಲಿ ಎಂದರೆ ನೀರು. ನಿನ್ನ ಅಪ್ಪ ನೀರಿನಲ್ಲಿ ಕೆಲಸ ಮಾಡುವುದೆ?”

ಹುಡುಗ ಸ್ವಲ್ಪ ಯೋಚಿಸಿ, “ಅಲ್ಲ ಸರ್, ಏಸಿಯಲ್ಲಿ” ಎಂದ.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ನಗುವ ಹಕ್ಕು ನನಗೆ ಇದೆಯೆ ಎಂಬ ಸಂದೇಹ ಕೂಡಲೇ ಬಂತು. ಏಕೆ ಬಂತೆಂಬುದನ್ನು ಹೇಳುವುದಕ್ಕಾಗಿಯೇ ಈ ಹೊತ್ತು ನಿಮ್ಮ ಮುಂದೆ ಕುಳಿತಿದ್ದೇನೆ.

ಮೊದಲು ನಮ್ಮ ಪರವಾಗಿ ಒಂದು ಮಾತು. ಹೀಗೆ ದೂರದ ನಾಡುಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟುವುದು ಇಂದಿನ ಹುಡುಗರು ಕಲಿತ ಕೆಟ್ಟ ಚಾಳಿಯೇನೂ ಅಲ್ಲ. ನಮ್ಮ ಭಾಷೆಗೇ ಆ ಅಭ್ಯಾಸವುಂಟು. ‘ಸೀಮೆ’ ಎಂದರೆ ಗಡಿ, ಎಲ್ಲೆ. ಆದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎನ್ನುವಾಗ ಅದು ಯಾವ ಸೀಮೆ? ಹಡಗಿನಿಂದ ಇಳಿದದ್ದೆಲ್ಲ ಸೀಮೆಯದು, ಅಷ್ಟೆ. ಸೀಮೆಬದನೆಯ ತವರು ಮೆಕ್ಸಿಕೊದ ಕಡೆ. ಸೀಮೆಎಣ್ಣೆ ಬಂದದ್ದು ಇನ್ನೆಲ್ಲಿಂದಲೋ. ಎರಡನ್ನೂ ಒಂದೇ ಪದ ಹೊತ್ತು ತಂದಿತು. ಚೀನಿಕಾಯಿಯನ್ನು ತೆಗೆದುಕೊಳ್ಳಿ. ಹೆಸರು ಚೀನದ್ದು, ಕಾಯಿ ಅಮೆರಿಕ ಖಂಡದ್ದು. ಪರಂಗಿ ಹಣ್ಣೂ ಹಾಗೆಯೇ. ‘ಪರಂಗಿ’ ಎಂಬ ಮಾತು ‘ಫ್ರಾಂಕ್’ ಎಂಬ ಜನಾಂಗದ ಹೆಸರಿನಿಂದ ಹುಟ್ಟಿ, ಅರಬರ ಬಾಯಲ್ಲಿ ಸವೆದು, ನಮ್ಮ ಕರಾವಳಿಗೆ ಬರುವ ಹೊತ್ತಿಗೆ ಪೋರ್ಚುಗೀಸರನ್ನೂ, ಅವರ ಹಿಂದೆ ಬಂದ ಬಿಳಿಯರೆಲ್ಲರನ್ನೂ ಸೂಚಿಸತೊಡಗಿತ್ತು. ಬಂಟ್ವಾಳದ ದಾರಿಯಲ್ಲಿ ನೇತ್ರಾವತಿಯ ದಂಡೆಗೆ ಫರಂಗಿಪೇಟೆ ಎಂಬ ಊರಿದೆ. ದಿನವೂ ಬಸ್ಸಿನ ಹಲಗೆಯ ಮೇಲೆ ಆ ಹೆಸರನ್ನು ಓದುತ್ತೇವೆ. ಫ್ರಾಂಕರು ಯಾರೆಂದು ಯಾರೂ ಕೇಳುವುದಿಲ್ಲ.

ನಾವೇ ಏಕೆ? ಕೊಲಂಬಸ್ 1492ರಲ್ಲಿ ಅಟ್ಲಾಂಟಿಕದ ಆಚೆಯ ದ್ವೀಪಗಳಿಗೆ ಮುಟ್ಟಿ ಇಂಡಿಯದ ಕಡೆಗೇ ಬಂದೆನೆಂದು ತಿಳಿದ. ಅವನ ತಪ್ಪು ಇಂದಿಗೂ ‘ವೆಸ್ಟ್ ಇಂಡೀಸ್’ ಎಂಬ ಹೆಸರಿನಲ್ಲಿ ಕ್ರಿಕೆಟ್ ಆಡುತ್ತಿದೆ. ಆ ಹೆಸರಿನ ದೇಶ ಯಾವುದೂ ಇಲ್ಲ. ಆ ತಂಡಕ್ಕೆ ಆಡುವವರು ಜಮೈಕ, ಬಾರ್ಬಡಾಸ್, ಟ್ರಿನಿಡಾಡ್, ಗಯಾನ ಮೊದಲಾದ ಬೇರೆಬೇರೆ ನಾಡುಗಳವರು.

ಇನ್ನು ‘ದೇಶ’, ‘ಖಂಡ’ ಎಂಬ ಮಾತುಗಳ ಕಥೆಯನ್ನು ಕೇಳಿ. ಭೂಗೋಳದ ಪಾಠದಲ್ಲಿ ಖಂಡವೆಂದರೆ ಏಷ್ಯ, ಆಫ್ರಿಕ, ಯೂರೋಪು. ಆದರೆ ನಮ್ಮ ಹಿರಿಯರು ‘ಭರತಖಂಡ’ ಎಂದಾಗ ಅದು ಈ ಒಂದು ದೇಶವೇ ಆಗಿತ್ತು. ಖಂಡವೆಂದರೆ ತುಂಡು, ಯಾವುದರ ತುಂಡು, ಎಷ್ಟು ದೊಡ್ಡ ತುಂಡು ಎಂಬುದನ್ನು ಪದ ಹೇಳುವುದಿಲ್ಲ. ‘ದೇಶ’ವಾದರೂ ಅಷ್ಟೆ. ತುಳುದೇಶ, ಮಲೆಯಾಳ ದೇಶ ಎಂದು ನಮ್ಮಜ್ಜಂದಿರು ಹೇಳುತ್ತಿದ್ದಾಗ ಅವರ ಮನಸ್ಸಿನಲ್ಲಿ ಪಾಸ್‌ಪೋರ್ಟೂ ಇರಲಿಲ್ಲ, ಧ್ವಜವೂ ಇರಲಿಲ್ಲ. ಇಂಥ ಭಾಷೆಯಲ್ಲಿ ಬೆಳೆದ ಮಗು ‘ಆಫ್ರಿಕ ದೇಶದ ರಾಜಧಾನಿ ಯಾವುದು’ ಎಂದು ಕೇಳಿದರೆ ಅದರ ಕಿವಿ ಹಿಂಡುವ ಮೊದಲು ಪಂಡಿತನು ಸ್ವಲ್ಪ ತನ್ನ ನಿಘಂಟನ್ನು ನೋಡಿಕೊಳ್ಳಬೇಕು.

ಆದರೂ ಒಂದು ಕಡೆಯಲ್ಲಿ ನಮ್ಮವರು ವಿಳಾಸದ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ಪೂಜೆಗೆ ಕುಳಿತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಕೇಳಿದ್ದೀರಷ್ಟೆ. ಮೊದಲು ಜಂಬೂದ್ವೀಪ, ಆಮೇಲೆ ಭರತವರ್ಷ, ಭರತಖಂಡ, ಆಮೇಲೆ ಯಾವ ನದಿಯ ಯಾವ ದಡ, ನಮ್ಮ ಕರಾವಳಿಯಾದರೆ ಪರಶುರಾಮ ಕ್ಷೇತ್ರ, ಕೊನೆಗೆ ಗೋತ್ರ, ನಕ್ಷತ್ರ, ಹೆಸರು. ದೊಡ್ಡದರಿಂದ ಚಿಕ್ಕದಕ್ಕೆ, ಒಂದೊಂದೇ ಮೆಟ್ಟಿಲು ಇಳಿದು ಬರುವ ಕ್ರಮ. ಇಂದು ನಿಮ್ಮ ಮನೆಯ ತಂತಿ ಟೆಲಿಫೋನಿಗೆ ಲಂಡನ್ನಿನಿಂದ ಕರೆಮಾಡುವವನು ಒತ್ತುವ ಅಂಕೆಗಳೂ ಇದೇ ಕ್ರಮದವು. 91 ಎಂದರೆ ಭಾರತ, 824 ಎಂದರೆ ಮಂಗಳೂರು, ಆಮೇಲಿನದು ನಿಮ್ಮ ಮನೆ. ಅಂಕೆಯಲ್ಲಿ ಬರೆದ ಸಂಕಲ್ಪ ಎನ್ನಬಹುದು. ವ್ಯತ್ಯಾಸ ಒಂದೇ: ಸಂಕಲ್ಪದಲ್ಲಿ ನಾಲಗೆ ತಡವರಿಸಿದರೆ ದೇವರು ತಿದ್ದಿಕೊಳ್ಳುತ್ತಾನೆ, ಟೆಲಿಫೋನು ತಿದ್ದಿಕೊಳ್ಳುವುದಿಲ್ಲ.

ಮೊದಲು ತಿದ್ದುವವರಿದ್ದರು. 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನೊಬ್ಬನು ಅನೇಕ ವರ್ಷ ನೆಲೆಸಿದ್ದ. ಅವನಿಗೆ ಏಡನ್ನಿನ ವರ್ತಕರು ಬರೆದ ಕಾಗದಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಕೊಂಡು ನಮ್ಮ ಕಾಲದವರೆಗೂ ಬಂದಿವೆ. ಅರಬರು ಮಂಗಳೂರನ್ನು ‘ಮಂಜರೂರ್’ ಎನ್ನುತ್ತಿದ್ದರು. ಹೆಸರು ಹೀಗೆ ಸೊಟ್ಟಗಾಗಿದ್ದರೂ ಕಾಗದ ಮುಟ್ಟಿತು. ಏಕೆಂದರೆ ಅದನ್ನು ಹೊತ್ತು ತಂದವನು ಮನುಷ್ಯ. ಟ್ರಂಕ್ ಕರೆಯ ಕಾಲದಲ್ಲಿಯೂ ಹಾಗೆಯೇ. ಕರೆಯನ್ನು ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದೆವು, ನಿಜ. ಆದರೆ ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರು “ಯಾವ ಊರು? ಇನ್ನೊಮ್ಮೆ ಹೇಳಿ, ಯಾವ ದೇಶದಲ್ಲಿ?” ಎಂದು ಕೇಳುತ್ತಿದ್ದ. ಆ ಪ್ರಶ್ನೆಯ ಬೆಲೆ ಎಷ್ಟೆಂಬುದು ಪ್ರಶ್ನೆ ಕೇಳುವವರು ಇಲ್ಲವಾದ ಮೇಲೆ ತಿಳಿಯಿತು.

ಈಗ ನನ್ನ ಕಥೆಗೆ ಬರುತ್ತೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಹೊಕ್ಕಿತು. ನಾನಾಗ ಬಿ.ಎ. ಓದುತ್ತಿದ್ದೆ, ಸಂಜೆಯ ಹೊತ್ತು ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆ ಬೀದಿಗೆಲ್ಲ ಫೋನು ಇದ್ದದ್ದು ಆ ಅಂಗಡಿಯಲ್ಲಿ ಮಾತ್ರ. ಹತ್ತು ಮನೆಯವರು ಅದರ ನಂಬರನ್ನೇ ತಮ್ಮ ನಂಬರೆಂದು ಪರದೇಶದ ಮಕ್ಕಳಿಗೆ ಕೊಟ್ಟಿದ್ದರು. ಕರೆ ಬಂದರೆ ಓಡಿಹೋಗಿ ಆ ಮನೆಯವರನ್ನು ಕರೆತರುವುದು ಲೆಕ್ಕ ಬರೆಯುವವನ ಕೆಲಸದಲ್ಲಿ ಸೇರಿತ್ತು. ನಮ್ಮ ಮೇಲ್ಮನೆಯ ಅಕ್ಕನ ಮಗ ಕುವೈತಿನಲ್ಲಿದ್ದ. ಯುದ್ಧವೆಂದು ರೇಡಿಯೋದಲ್ಲಿ ಕೇಳಿದ ದಿನದಿಂದ ಆಕೆ ಅಂಗಡಿಯ ಮೆಟ್ಟಿಲಲ್ಲೇ ಇರುತ್ತಿದ್ದರು. ಕುವೈತಿಗೆ ಕರೆ ಹೋಗುತ್ತಿರಲಿಲ್ಲ. ಅಲ್ಲಿಂದ ಬರುತ್ತಲೂ ಇರಲಿಲ್ಲ. ಬೀದಿಯಲ್ಲಿ ಮಸ್ಕತ್ತಿನವರ, ಬಹರೈನಿನವರ ಮನೆಗಳಲ್ಲಿಯೂ ಅಳು ಹತ್ತಿತ್ತು. ಎಲ್ಲವೂ ‘ಗಲ್ಫ್’ ಅಲ್ಲವೆ? ಗಲ್ಫಿನಲ್ಲಿ ಯುದ್ಧವಂತೆ ಎಂದ ಮೇಲೆ ಯಾವ ತಾಯಿಗೆ ಸಮಾಧಾನ?

ಸೆಪ್ಟೆಂಬರಿನ ಒಂದು ರಾತ್ರಿ ಎಂಟು ಗಂಟೆಗೆ ಫೋನು ಬಡಿಯಿತು. ಮಳೆ ಸುರಿಯುತ್ತಿತ್ತು, ತಗಡಿನ ಮಾಡಿನ ಸದ್ದು. ಆ ದಿನ ಜ್ವರವೆಂದು ಅಕ್ಕ ಮನೆಯಲ್ಲೇ ಮಲಗಿದ್ದರು. ನಾನು ಕೈಗೆತ್ತಿಕೊಂಡೆ. ಅತ್ತಲಿಂದ ಗಾಳಿಯ ಸುಂಯ್ ಎಂಬ ಶಬ್ದದ ನಡುವೆ ಅವನ ದನಿ. “ನಾನು ಹುಷಾರಿದ್ದೇನೆ. ಅಮ್ಮಾನಿಗೆ ಬಂದು ಮುಟ್ಟಿದ್ದೇನೆ. ಅಮ್ಮನಿಗೆ ಹೇಳು. ಹಿಂದೆ ತುಂಬಾ ಜನ ಕಾಯುತ್ತಿದ್ದಾರೆ, ಇಡುತ್ತೇನೆ.” ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

‘ಅಮ್ಮಾನಿಗೆ’, ‘ಅಮ್ಮನಿಗೆ’ ಎರಡೂ ಒಂದರ ಮೇಲೊಂದು ಬಂದು ನನ್ನ ಕಿವಿಯಲ್ಲಿ ಕಲಸಿಹೋದವು. ಅವನು ಹೇಳಿದ ಊರಿನ ಹೆಸರು ಯಾವುದು? ಅಮ್ಮಾನ್ ಎಂಬ ಊರೊಂದು ಭೂಮಿಯ ಮೇಲಿದೆಯೆಂದು ನನಗೆ ಗೊತ್ತಿರಲಿಲ್ಲ. ಒಮಾನ್ ಗೊತ್ತಿತ್ತು. ಅದಕ್ಕೂ ಮಿಗಿಲಾಗಿ, ಅಕ್ಕನ ತಮ್ಮ ಒಮಾನಿನ ಮಸ್ಕತ್ತಿನಲ್ಲಿಯೇ ಇದ್ದಾನೆಂದು ಗೊತ್ತಿತ್ತು. ಸೋದರಮಾವನ ಬಳಿಗೆ ಹೋಗಿ ಸೇರಿದ್ದಾನೆ, ಇನ್ನೇನು! ಮಳೆಯಲ್ಲಿಯೇ ಓಡಿಹೋಗಿ ಬಾಗಿಲು ತಟ್ಟಿ ಹೇಳಿದೆ: “ಅಕ್ಕಾ, ಮಗ ಒಮಾನಿಗೆ ಮುಟ್ಟಿದ್ದಾನಂತೆ!”

ಆಕೆ ಎದ್ದು ಕುಳಿತು, ನನ್ನ ಎರಡೂ ಕೈ ಹಿಡಿದು, “ನೀನು ಕಲಿತವನು ಮಗಾ, ಸರಿಯಾಗಿ ಕೇಳಿದ್ದೀಯಲ್ಲ?” ಎಂದರು.

“ಸರಿಯಾಗಿ ಕೇಳಿದ್ದೇನೆ” ಎಂದೆ.

ಮರುದಿನ ಬೆಳಗ್ಗೆಯೇ ಅಕ್ಕ ಎಸ್.ಟಿ.ಡಿ. ಬೂತಿಗೆ ಹೋಗಿ ಮಸ್ಕತ್ತಿನ ತಮ್ಮನಿಗೆ ಕರೆಮಾಡಿಸಿದರು. ಕೆಂಪು ಅಂಕೆಗಳು ಓಡುವ ಆ ಯಂತ್ರ ನಿಮಗೆ ನೆನಪಿರಬಹುದು. ಆಕೆ ಮಾತಿಗಿಂತ ಹೆಚ್ಚಾಗಿ ಆ ಅಂಕೆಗಳನ್ನೇ ನೋಡುತ್ತಿದ್ದರು. ತಮ್ಮ ರಜೆ ಹಾಕಿ ಹುಡುಕಿದ. ವಿಮಾನ ನಿಲ್ದಾಣದಲ್ಲಿ ವಿಚಾರಿಸಿದ, ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಕೊಟ್ಟ, ಊರಿನವರ ಕೋಣೆ ಕೋಣೆಗೆ ಹೋಗಿ ಕೇಳಿದ. ಅಂಥವನೊಬ್ಬ ಬಂದೇ ಇಲ್ಲ ಎಂದರು. ಮೂರನೆಯ ದಿನದ ಹೊತ್ತಿಗೆ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಅದುವರೆಗೆ ಮಗ ಕುವೈತಿನಲ್ಲಿ ಸಿಕ್ಕಿಬಿದ್ದಿದ್ದಾನೆ ಎಂಬ ಭಯ ಇತ್ತು. ಈಗ ಅದಕ್ಕಿಂತ ಕೆಟ್ಟದ್ದು: ಬಂದು ಮುಟ್ಟಿದವನು ಕಾಣೆಯಾಗಿದ್ದಾನೆ. ಊಟ ಬಿಟ್ಟರು. ಹನ್ನೊಂದು ದಿನ. ನಾನು ಅಂಗಡಿಗೆ ಹೋಗುವ ದಾರಿಯನ್ನು ಬದಲಿಸಿದೆ.

ಹನ್ನೆರಡನೆಯ ದಿನ ಬೆಳಗ್ಗೆ ಬೊಂಬಾಯಿಯ ಬಸ್ಸಿನಿಂದ ಅವನು ಇಳಿದ. ಕೈಯಲ್ಲಿ ಒಂದು ಚೀಲ, ಗಡ್ಡ, ಹಿಡಿಯಷ್ಟಾಗಿದ್ದ ಮೈ. ಕುವೈತಿನಿಂದ ಬಾಗ್ದಾದಿನ ಮೇಲಾಗಿ, ಮರುಭೂಮಿಯಲ್ಲಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ದಾರಿ ನಡೆಸಿ, ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನಿಗೆ ಬಂದು, ಅಲ್ಲಿ ಶಿಬಿರದಲ್ಲಿ ಸರದಿ ಕಾದು, ಏರ್ ಇಂಡಿಯದ ವಿಮಾನದಲ್ಲಿ ಬೊಂಬಾಯಿಗೆ ಬಂದಿದ್ದ. ಆ ಆಗಸ್ಟಿನಿಂದ ಅಕ್ಟೋಬರಿನವರೆಗೆ ಸುಮಾರು 1,70,000 ಭಾರತೀಯರನ್ನು ಹೀಗೆ ಅಲ್ಲಿಂದ ಕರೆತಂದರೆಂಬುದು ಈಗ ಎಲ್ಲರೂ ಓದಿರುವ ಸಂಗತಿ. ನಮ್ಮ ಬೀದಿಗೆ ಅವರಲ್ಲಿ ಒಬ್ಬನೇ ಬಂದದ್ದು, ಅವನೂ ತಪ್ಪು ದೇಶದಿಂದ.

ನಾನು ಶಾಲೆಯಿಂದ ಅಟ್ಲಾಸನ್ನು ಬೇಡಿ ತಂದು ನೋಡಿದೆ. ಅಮ್ಮಾನಿಗೂ ಮಸ್ಕತ್ತಿಗೂ ನಡುವೆ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ. ಸೌದಿ ಅರೇಬಿಯ ಇಡಿಯಾಗಿ ಮಧ್ಯದಲ್ಲಿ ಮಲಗಿದೆ. ಜೋರ್ಡಾನ್ ನಾವು ಹೇಳುವ ಆ ಗಲ್ಫಿನ ದಡದಲ್ಲಿಯೇ ಇಲ್ಲ. ಅದರ ಒಂದೇ ಒಂದು ತುಣುಕು ಕಡಲತಡಿ ಕೆಂಪು ಸಮುದ್ರದ ಕಡೆಗೆ.

ಬಹಳ ವರ್ಷಗಳ ಮೇಲೆ, ಅರಬಿ ಬಲ್ಲ ಸಹೋದ್ಯೋಗಿಯೊಬ್ಬರ ಮುಂದೆ ಈ ತಪ್ಪನ್ನು ಒಪ್ಪಿಕೊಂಡೆ. ಅವರು ನಗಲಿಲ್ಲ. ಒಂದು ಕಾಗದದ ಮೇಲೆ ಎರಡು ಸಲ ಒಂದೇ ಪದವನ್ನು ಬರೆದು ತೋರಿಸಿದರು. “ಇದು ಅಮ್ಮಾನ್, ಇದು ಒಮಾನ್” ಎಂದರು. ಎರಡರಲ್ಲಿಯೂ ಅವೇ ನಾಲ್ಕು ಅಕ್ಷರ! ಅರಬಿಯಲ್ಲಿ ಹ್ರಸ್ವ ಸ್ವರಗಳನ್ನೂ ಒತ್ತಕ್ಷರದ ಗುರುತನ್ನೂ ಸಾಮಾನ್ಯ ಬರವಣಿಗೆಯಲ್ಲಿ ಬಿಟ್ಟುಬಿಡುತ್ತಾರೆ. ಹಿಂದುಮುಂದಿನ ಮಾತನ್ನು ನೋಡಿಯೇ ಇದು ಜೋರ್ಡಾನಿನ ಊರೋ ಆ ಕಡಲ ಮೂಲೆಯ ದೇಶವೋ ಎಂದು ಓದುಗ ತಿಳಿಯಬೇಕು. ಆ ಹೆಸರುಗಳನ್ನು ಇಟ್ಟವರ ಲಿಪಿಯಲ್ಲಿಯೇ ಹೀಗೆ. ನಮ್ಮ ಕಾಗುಣಿತ ಎಷ್ಟು ದೊಡ್ಡ ಉಪಕಾರಿ ಎಂದು ಮಕ್ಕಳಿಗೆ ಹೇಳುವಾಗ ನಾನು ಈಗ ಈ ದೃಷ್ಟಾಂತವನ್ನೇ ಕೊಡುತ್ತೇನೆ. ಆದರೆ ಕಾಗುಣಿತ ಇದ್ದೂ ನಾನು ತಪ್ಪಿದೆನೆಂಬುದನ್ನು ಹೇಳದೆ ಬಿಡುವಂತಿಲ್ಲ.

ಆ ರಾತ್ರಿ ಅವನು ಊರಿನ ಹೆಸರಿನ ಜೊತೆಗೆ ಒಂದೇ ಒಂದು ಅಂಕೆಯನ್ನು ಹೇಳಿದ್ದರೆ ಹನ್ನೊಂದು ದಿನ ಉಳಿಯುತ್ತಿತ್ತು. ಜೋರ್ಡಾನಿನ ಸಂಖ್ಯೆ 962, ಒಮಾನಿನದು 968.

ಈ ಸಂಖ್ಯೆಗಳನ್ನು ಹಂಚಿದವರು ಯಾರು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಂಬ ಸಂಸ್ಥೆಯೊಂದಿದೆ. ಅದು ತಂತಿ ವರ್ತಮಾನದ ಕಾಲದ್ದು, 1865ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು, ಈಗ ಜಿನೀವಾದಲ್ಲಿದೆ. 1960ರ ದಶಕದಲ್ಲಿ ಅವರು ಲೋಕವನ್ನೆಲ್ಲ ಒಂಬತ್ತು ಪಾಲು ಮಾಡಿ, ಪ್ರತಿಯೊಂದಕ್ಕೂ ಒಂದು ಮೊದಲಂಕೆಯನ್ನು ಕೊಟ್ಟರು. ಉತ್ತರ ಅಮೆರಿಕಕ್ಕೆ 1, ಆಫ್ರಿಕಕ್ಕೆ 2, ಯೂರೋಪಿಗೆ 3 ಮತ್ತು 4, ದಕ್ಷಿಣ ಅಮೆರಿಕಕ್ಕೆ 5, ಆಗ್ನೇಯ ಏಷ್ಯ ಮತ್ತು ಆಸ್ಟ್ರೇಲಿಯದ ಕಡೆಗೆ 6, ಆಗಿನ ಸೋವಿಯತ್ ಒಕ್ಕೂಟಕ್ಕೆ 7, ಚೀನ ಜಪಾನುಗಳಿರುವ ಪೂರ್ವಕ್ಕೆ 8, ನಮಗೂ ಪಶ್ಚಿಮ ಏಷ್ಯಕ್ಕೂ 9. ಇದನ್ನು ಖಂಡಗಳ ಪಟ್ಟಿಯೆಂದು ತಿಳಿದೀರಿ, ಜೋಕೆ. ಏಷ್ಯ ನಾಲ್ಕು ಪಾಲಾಗಿ ಹರಿದಿದೆ. ಮೆಕ್ಸಿಕೊ ಭೂಗೋಳದಲ್ಲಿ ಉತ್ತರ ಅಮೆರಿಕಕ್ಕೆ ಸೇರಿದ್ದು, ಟೆಲಿಫೋನಿನಲ್ಲಿ 52 ಆಗಿ ದಕ್ಷಿಣದವರ ಸಾಲಿನಲ್ಲಿ ಕುಳಿತಿದೆ. ಗ್ರೀನ್‌ಲ್ಯಾಂಡಿನದು ಎಲ್ಲಕ್ಕಿಂತ ತಮಾಷೆ: ನೆಲ ಉತ್ತರ ಅಮೆರಿಕದ್ದು, ಆಳ್ವಿಕೆ ಯೂರೋಪಿನ ಡೆನ್ಮಾರ್ಕಿನದು, ಟೆಲಿಫೋನಿನ ಸಂಖ್ಯೆ 299, ಅಂದರೆ ಆಫ್ರಿಕದ ಪಂಕ್ತಿಯದು.

ನಮ್ಮ ಪಂಕ್ತಿಯನ್ನು ನೋಡಿ. 960 ಮಾಲ್ದೀವ್, 961 ಲೆಬನಾನ್, 962 ಜೋರ್ಡಾನ್, 963 ಸಿರಿಯ, 964 ಇರಾಕ್, 965 ಕುವೈತ್, 966 ಸೌದಿ ಅರೇಬಿಯ, 967 ಯೆಮನ್, 968 ಒಮಾನ್. ಮುಂದೆ 971 ಸಂಯುಕ್ತ ಅರಬ್ ಎಮಿರೇಟುಗಳು, 973 ಬಹರೈನ್, 974 ಕತಾರ್. ಅದರ ಪಕ್ಕದ 975 ಯಾವುದೆಂದು ಊಹಿಸಬಲ್ಲಿರಾ? ನಮ್ಮ ಹಿಮಾಲಯದ ಭೂತಾನ! ಒಂದಂಕೆ ತಪ್ಪಿದರೆ ಮರಳುಗಾಡಿನಿಂದ ಮಂಜಿಗೆ.

ಇಲ್ಲಿ ದುಬಾಯಿ ಎಲ್ಲಿ ಎಂದು ನೀವು ಕೇಳಬೇಕು. ದುಬಾಯಿಗೆ ಬೇರೆ ದೇಶಸಂಖ್ಯೆ ಇಲ್ಲ, ಏಕೆಂದರೆ ಅದು ಬೇರೆ ದೇಶವಲ್ಲ. ಅಬುಧಾಬಿ, ದುಬಾಯಿ, ಶಾರ್ಜಾ ಮೊದಲಾದವು 1971ರ ಡಿಸೆಂಬರಿನಲ್ಲಿ ಒಂದಾಗಿ ಒಕ್ಕೂಟ ಕಟ್ಟಿಕೊಂಡವು. ಮುಂದಿನ ವರ್ಷ ರಾಸ್ ಅಲ್ ಖೈಮಾ ಸೇರಿ ಏಳಾಯಿತು. ಎಲ್ಲಕ್ಕೂ 971. ಮನೆಯ ಅಥವಾ ಕಚೇರಿಯ ತಂತಿ ಫೋನಾದರೆ ಅದರ ಮುಂದೆ 4 ಬಂದರೆ ದುಬಾಯಿ, 2 ಬಂದರೆ ಅಬುಧಾಬಿ, 6 ಬಂದರೆ ಶಾರ್ಜಾ ಅಜ್ಮಾನಿನ ಕಡೆ.

ಸೊನ್ನೆಗಳ ಗಲಿಬಿಲಿ ಬೇರೆಯೇ. ಉಡುಪಿಯಿಂದ ಮಂಗಳೂರಿಗೆ ಕರೆಮಾಡುವವರು 0824 ಎಂದು ಒತ್ತುತ್ತಾರೆ. ಆ ಸೊನ್ನೆ ಮಂಗಳೂರಿನದಲ್ಲ; ಊರಿನಿಂದ ಹೊರಗೆ ಹೋಗುವ ಬಾಗಿಲು. ದೇಶದಿಂದಲೇ ಹೊರಗೆ ಹೋಗುವ ಬಾಗಿಲಿಗೆ ನಮ್ಮಲ್ಲಿ ಎರಡು ಸೊನ್ನೆ. ಕೈಫೋನಿನಲ್ಲಾದರೆ ಸೊನ್ನೆಯನ್ನು ಒತ್ತಿ ಹಿಡಿದರೆ ಬರುವ ಕೂಡಿಸುವ ಗುರುತು. ಹೊರದೇಶದಿಂದ ಬರುವವನು ದೊಡ್ಡ ಬಾಗಿಲಿನಿಂದ ಒಳಗೆ ಬಂದಾಗಿದೆ, ಅವನಿಗೆ 0824ರ ಸೊನ್ನೆ ಬೇಡ. ಅಮೆರಿಕದಲ್ಲಿ ಆ ದೊಡ್ಡ ಬಾಗಿಲು 011. ನಮ್ಮ ಬಡಾವಣೆಯ ನಿವೃತ್ತರೊಬ್ಬರಿಗೆ ಅಲ್ಲಿನ ಮಗಳು “ನಾನು ಕರೆಮಾಡುವುದು ಹೀಗೆ” ಎಂದು 011 91 824 ಎಂದೆಲ್ಲ ಬರೆದು ಕಳುಹಿಸಿದ್ದಳು. ಆ ಮಹಾಶಯರು ಮಗಳಿಗೆ ಕರೆಮಾಡಲೂ ಇದೇ ದಾರಿಯೆಂದು ತಿಳಿದು ಇಲ್ಲಿಂದ 011 ಒತ್ತಿದರು. ನಮ್ಮಲ್ಲಿ 011 ಎಂದರೆ ದಿಲ್ಲಿ. ಅಮೆರಿಕದ ಮಗಳ ಬದಲು ದಿಲ್ಲಿಯ ಯಾವನೋ ಗೃಹಸ್ಥನು ಹಿಂದಿಯಲ್ಲಿ ಗದರಿದನಂತೆ.

ಹೆಸರುಗಳ ಜೋಡಿಗಳನ್ನು ಎಣಿಸುತ್ತ ಹೋದರೆ ಮುಗಿಯದು. ಯೂರೋಪಿನ ಆಸ್ಟ್ರಿಯ 43, ಆಸ್ಟ್ರೇಲಿಯ 61. ನೈಜರ್ 227, ನೈಜೀರಿಯ 234. ಒಂದೇ ನದಿಯ ಎರಡು ದಡಗಳಲ್ಲಿ ಎರಡು ಕಾಂಗೋಗಳು, 242 ಮತ್ತು 243. ಆಫ್ರಿಕದಲ್ಲಿ ಗಿನಿ ಎಂಬ ಹೆಸರು ಹೊತ್ತ ದೇಶಗಳು ಮೂರು. ಅವು ಸಾಲದೆಂಬಂತೆ ಶಾಂತಸಾಗರದಲ್ಲಿ ಪಾಪುವ ನ್ಯೂಗಿನಿ ಇನ್ನೊಂದು. ಜಾರ್ಜಿಯ ಎಂಬುದು ಅಮೆರಿಕದ ಒಂದು ರಾಜ್ಯವೂ ಹೌದು, ನಮ್ಮ ಮಕ್ಕಳು ವೈದ್ಯಶಿಕ್ಷಣಕ್ಕೆ ಹೋಗುವ 995ರ ಸ್ವತಂತ್ರ ದೇಶವೂ ಹೌದು. ಇನ್ನು 1 ಎಂಬ ಅಂಕೆಯನ್ನು ಕಂಡ ಕೂಡಲೆ ‘ಅಮೆರಿಕ’ ಎನ್ನುವವರು ತಿಳಿಯಬೇಕು: ಅದು ಕೆನಡಕ್ಕೂ, ಜಮೈಕ ಬಾರ್ಬಡಾಸ್ ಮೊದಲಾದ ದ್ವೀಪಗಳಿಗೂ ಸೇರಿದ ಅಂಕೆ. ಆಫ್ರಿಕದ ಮಾತು ಬಂದಾಗ ಮಾತ್ರ ನನಗೆ ಸ್ವಲ್ಪ ಕೋಪ ಬರುತ್ತದೆ. ವಿಶ್ವಸಂಸ್ಥೆಯಲ್ಲಿ 54 ಸದಸ್ಯರಿರುವ ಖಂಡವದು. ನೈರೋಬಿಯಲ್ಲಿ ದುಡಿದವನು ಕೀನ್ಯದಲ್ಲಿದ್ದ, ದಾರೆಸ್ಸಲಾಮಿನಲ್ಲಿ ದುಡಿದವನು ಟಾಂಜಾನಿಯದಲ್ಲಿದ್ದ. ಇಬ್ಬರನ್ನೂ ‘ಆಫ್ರಿಕದ ಮಾವ’ ಎಂದು ಕರೆಯುವ ನಮ್ಮವರು, ನೈರೋಬಿಯ ಮಗುವೊಂದು ತನ್ನ ಮಾವ ‘ಏಷ್ಯದಲ್ಲಿ’ ಇದ್ದಾನೆ ಎಂದರೆ ಏನನ್ನುತ್ತಿದ್ದರು?

2022ರಲ್ಲಿ ಈ ಹಳೆಯ ಗಾಯ ಮತ್ತೆ ತೆರೆಯಿತು. ಫೆಬ್ರವರಿ 24ರಂದು ಉಕ್ರೇನಿನ ಮೇಲೆ ರಷ್ಯ ಯುದ್ಧಕ್ಕೆ ಹೊರಟಾಗ ಅಲ್ಲಿ ನಮ್ಮ ನಾಡಿನ ನೂರಾರು ವೈದ್ಯ ವಿದ್ಯಾರ್ಥಿಗಳಿದ್ದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೂ ಇದ್ದಳು. ಅವಳ ಬಂಧುಗಳು ಅವಳು ಹೋದಂದಿನಿಂದ ‘ರಷ್ಯದಲ್ಲಿ ಓದುತ್ತಾಳೆ’ ಎಂದೇ ಹೇಳಿಕೊಂಡು ಬಂದಿದ್ದರು. ಯುದ್ಧ ಮಾಡುತ್ತಿರುವುದೇ ರಷ್ಯ ಎಂದಾಗ ಯಾರಿಗೆ ಏನು ಹೇಳಬೇಕೆಂದು ಆ ತಂದೆಗೆ ತೋಚಲಿಲ್ಲ. ಗಡಿ ದಾಟಿದ ಮಕ್ಕಳನ್ನು ಪೋಲೆಂಡ್, ರುಮೇನಿಯ, ಹಂಗೇರಿ, ಸ್ಲೊವಾಕಿಯಗಳಿಂದ ವಿಮಾನಗಳಲ್ಲಿ ಕರೆತರುತ್ತಿದ್ದರು. ಒಂದು ಸಂಜೆ ಆ ತಂದೆ ನಮ್ಮ ಮನೆಗೆ ಬಂದರು. “ಮಗಳು ಮಾತಾಡಿದಳು ಮಾಷ್ಟ್ರೇ. ಬುಕಾರೆಸ್ಟೋ, ಬುಡಾಪೆಸ್ಟೋ, ಏನೋ ಒಂದು ಹೇಳಿದಳು. ಅವಳ ಫೋನಿನಲ್ಲಿ ಚಾರ್ಜು ಇಲ್ಲವಂತೆ. ದಿಲ್ಲಿಯವರು ಯಾವ ಊರು ಎಂದು ಕೇಳುತ್ತಾರೆ.”

ಬುಕಾರೆಸ್ಟ್ ರುಮೇನಿಯದ ರಾಜಧಾನಿ, ಬುಡಾಪೆಸ್ಟ್ ಹಂಗೇರಿಯದು. ನಡುವೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಎರಡು ಊರುಗಳಿಂದಲೂ ನಮ್ಮ ವಿಮಾನಗಳು ಹೊರಡುತ್ತಿದ್ದವು. ನನಗೆ ಮಳೆಯ ಸದ್ದು ಕೇಳಿದಂತಾಯಿತು. ಈ ಸಲ ನಾನು ಏನನ್ನೂ ಊಹಿಸಲಿಲ್ಲ.

“ಯಾವ ನಂಬರಿನಿಂದ ಮಾತಾಡಿದಳು? ಮೊದಲಿನ ಅಂಕೆಗಳನ್ನು ಓದಿ.”

“ಮೂರು, ಆರು…”

36 ಹಂಗೇರಿ. ರುಮೇನಿಯವಾಗಿದ್ದರೆ 40 ಬರಬೇಕಿತ್ತು. ಆದರೂ ಅದೇ ನಂಬರಿಗೆ ತಿರುಗಿ ಕರೆಮಾಡಿಸಿದೆ. ಏಕೆಂದರೆ ಕೈಫೋನಿನ ಸಂಖ್ಯೆ ಅದು ಯಾವ ದೇಶದಲ್ಲಿ ಕೊಂಡದ್ದೆಂಬುದನ್ನು ಹೇಳುತ್ತದೆಯೇ ಹೊರತು ಹಿಡಿದವನು ಎಲ್ಲಿ ನಿಂತಿದ್ದಾನೆಂಬುದನ್ನು ಹೇಳುವುದಿಲ್ಲ. ಅತ್ತಲಿಂದ ಮಾತಾಡಿದ ಸ್ವಯಂಸೇವಕಿ ಬುಡಾಪೆಸ್ಟಿನ ಹಾಸ್ಟೆಲೊಂದರ ಹೆಸರನ್ನು ಹೇಳಿ, ಅಕ್ಷರ ಅಕ್ಷರವಾಗಿ ಬರೆಯಿಸಿದಳು. ಐದನೆಯ ದಿನ ಹುಡುಗಿ ಮನೆಯಲ್ಲಿದ್ದಳು.

ಈಗ ಎಲ್ಲರ ಕೈಯಲ್ಲಿಯೂ ಫೋನಿದೆ, ಹೆಸರು ಮುಟ್ಟಿದರೆ ಮುಖವೇ ಕಾಣಿಸುತ್ತದೆ, ಈ ಅಂಕೆಗಳ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಕಳ್ಳರಿಗೆ ಈ ಅಂಕೆಗಳು ಚೆನ್ನಾಗಿ ಗೊತ್ತು, ಅದಕ್ಕೆ. ನಡುರಾತ್ರಿ ಅಪರಿಚಿತ ದೇಶಸಂಖ್ಯೆಯಿಂದ ಒಂದೇ ಒಂದು ಸಲ ಗಂಟೆ ಬಡಿದು ನಿಲ್ಲುತ್ತದೆ. ಜಪಾನಿನಲ್ಲಿ ಮೊದಲು ಹೆಸರಾದ ಮೋಸ ಇದು. ‘ಒಂದು ಸಲ ಬಡಿದು ಕತ್ತರಿಸು’ ಎಂಬರ್ಥದ ಜಪಾನಿ ಹೆಸರೇ ಇದಕ್ಕಿದೆ. ಮೊದಲಂಕೆ 9 ಎಂದು ಕಂಡು, ‘ಗಲ್ಫಿನಿಂದ ಮಗನೇ ಇರಬೇಕು’ ಎಂದು ತಿರುಗಿ ಕರೆಮಾಡಿದರೆ ನಿಮಿಷಕ್ಕೆ ವಿಪರೀತ ದರದ ಸಂಖ್ಯೆಗೆ ಸಿಕ್ಕಿಬೀಳುತ್ತೇವೆ. ಮಗ ಇರುವುದು 968ರಲ್ಲಿ ಎಂದು ಸ್ಪಷ್ಟವಾಗಿ ಗೊತ್ತಿರುವ ತಾಯಿ ಹಾಗೆ ಮೋಸಹೋಗುವುದು ಅಷ್ಟು ಸುಲಭವಲ್ಲ. ಇಂಥ ಕರೆಗಳನ್ನು ಕೇಂದ್ರ ಸರಕಾರದ ‘ಸಂಚಾರ್ ಸಾಥಿ’ ತಾಣದಲ್ಲಿ ತಿಳಿಸಬಹುದು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ನಮ್ಮ ಶಾಲೆಯಲ್ಲಿ ಈಗ ಅರ್ಜಿಯ ಆ ಸಾಲನ್ನು ಬದಲಿಸಿದ್ದೇವೆ. ದೇಶ, ಊರು, ದೇಶಸಂಖ್ಯೆ ಎಂದು ಮೂರು ಮನೆ. ‘ಗಲ್ಫ್’ ಎಂದು ಬರೆದ ಹುಡುಗ ಮನೆಗೆ ಹೋಗಿ ಕೇಳಿಕೊಂಡು ಬಂದು ‘ಕತಾರ್, ದೋಹಾ, 974’ ಎಂದು ತುಂಬಿದ. ಅದೇ ವಿವರವನ್ನು ಕಂಪೆನಿಯ ಹೆಸರಿನೊಂದಿಗೆ ಕಾಗದದಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಲು ಹೇಳಿದ್ದೇನೆ. ಫೋನು ನೀರಿಗೆ ಬಿದ್ದರೆ ಅದರೊಳಗಿನ ಹೆಸರುಗಳೂ ಮುಳುಗುತ್ತವೆ. ಕ್ಯಾಲೆಂಡರು ಗೋಡೆಯ ಮೇಲಿರುತ್ತದೆ.

ಮೇಲ್ಮನೆಯ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ನೋಡಲು ಹೋಗಿದ್ದೆ. ಕುವೈತಿನಿಂದ ಬಂದ ಆ ಮಗ ಇಲ್ಲಿಯೇ ಅಂಗಡಿ ಇಟ್ಟು ಮೊಮ್ಮಕ್ಕಳನ್ನು ಕಂಡಿದ್ದಾನೆ. ಅವನ ಕಿರಿಮಗ ಹೊರದೇಶಕ್ಕೆ ಹೋಗಿ ಎರಡು ವರ್ಷವಾಯಿತು. ಮಾತಿಗೆಂದು ಕೇಳಿದೆ: “ಮೊಮ್ಮಗ ಹೇಗಿದ್ದಾನೆ ಅಕ್ಕಾ? ಅಮೆರಿಕದಲ್ಲಿ ಚಳಿ ಜೋರಂತೆ.”

ಅಕ್ಕ ಕನ್ನಡಕ ಏರಿಸಿಕೊಂಡು ನನ್ನನ್ನು ಒಮ್ಮೆ ನೋಡಿದರು.

“ಅಮೆರಿಕ ಅಲ್ಲ ಮಗಾ, ಕೆನಡ. ಟೊರಾಂಟೊ. ಅಂಕೆ ಎರಡಕ್ಕೂ ಒಂದೇ, ಆದರೆ ದೇಶ ಬೇರೆ. ಆವತ್ತೂ ತಪ್ಪಿದ್ದು ನೀನೇ.”